ಎಡತುದಿಯ ಒಂದು ಹೊಲಿಗೆ

ತನ್ನ ಕೈ ಹಾಗೆ ಮಾಡುತ್ತದೆ ಎಂದು ಬಾಣದಕ್ಕನಿಗೆ ಈ ಬೆಳಿಗ್ಗೆಯವರೆಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೈ ಮೊದಲಿನ ಕೈಯಾಗಿ ಉಳಿಯಲಿಲ್ಲ. ಮೇಜಿನ ಮೇಲೆ ಹರಡಿದ ಬಿಳಿ ಅಂಗಿಯ ಕಡೆಗೆ ಅದು ಹೊರಟಾಗಲೆಲ್ಲ, ಪಕ್ಕದ ಮನೆಯವರ ಜಗಳವನ್ನು ಪರದೆಯ ಮರೆಯಲ್ಲಿ ನಿಂತು ನೋಡುವವಳ ಹಾಗೆ ಅವಳು ಕದ್ದು ನೋಡತೊಡಗಿದಳು. ಈಗ ಏನು ಮಾಡುತ್ತದೆ? ಎಡಗೈ ಅಂಗಿಯ ಕೊರಳನ್ನು ಹಿಡಿಯಿತು. ಬಲಗೈ ಬಾಣದ ಚೀಟಿಗಳ ಹಾಳೆಯ ಕಡೆ ಹೋಗುವ ಮುಂಚೆ, ಹೌದು, ಬಟ್ಟೆಯ ಮೇಲೆ ಒಂದು ಸಲ ಸವರಿಕೊಂಡು ಹೋಯಿತು, ನಿದ್ದೆ ಹೋದ ಮಗುವಿನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸುವಂತೆ. ಆಮೇಲೇ ಬಾಣ ಎತ್ತಿಕೊಂಡಿತು. ಎಲಾ ಕೈಯೇ, ಎಂದುಕೊಂಡಳು. ಇಷ್ಟು ವರ್ಷ ನನ್ನ ತೋಳಿಗೇ ಅಂಟಿಕೊಂಡಿದ್ದು ನನಗೆ ಹೇಳದೆ ಇದನ್ನೆಲ್ಲ ಮಾಡುತ್ತಿದ್ದೆಯಾ? ಮುಂದಿನ ಅಂಗಿಗೆ ಬೇಕೆಂದೇ ಸವರದೆ ನೇರವಾಗಿ ಬಾಣಕ್ಕೆ ಕೈಹಾಕಿದಳು. ಬೆರಳು ತಡವರಿಸಿತು, ಬಾಣ ಓರೆಯಾಗಿ ಅಂಟಿತು, ಕಿತ್ತು ಮತ್ತೆ ಅಂಟಿಸಬೇಕಾಯಿತು. ಪಕ್ಕದ ಮೇಜಿನಲ್ಲಿ ಅಂಗಿ ಚೆಕ್ ಮಾಡುವ, ಎಲ್ಲರೂ ಕನ್ನಡಕ ಎಂದೇ ಕರೆಯುವವಳು ಇದನ್ನು ಕಂಡು, "ಯಾಕಕ್ಕ, ಇವತ್ತು ನಿನ್ನ ಬಾಣಕ್ಕೇ ತಪ್ಪು ಬಂತು?" ಎಂದು ಕಿಸಕ್ಕನೆ ನಕ್ಕಳು.

ಅಂಗಿ ಹೊಲಿಯುವ ಕಾರ್ಖಾನೆ ಅದು. ಉದ್ದದ ಹಾಲಿನಲ್ಲಿ ಸಾಲು ಸಾಲು ಮಿಷನ್ನುಗಳು. ಒಂದೊಂದು ಮಿಷನ್ನಿಗೆ ಅಂಗಿಯ ಒಂದೊಂದು ತುಂಡು. ಹೊಲಿಯುವ ತುಂಡೇ ಹೊಲಿಯುವವಳ ಹೆಸರಾಗಿ ಎಷ್ಟೋ ಕಾಲವಾಗಿತ್ತು. ಲೇ ಜೇಬು, ಕತ್ತರಿ ಕೊಡೇ. ತೋಳು ಇವತ್ತು ಯಾಕೋ ಬಂದಿಲ್ಲ. ಕಾಜಾಗೆ ಮೊಮ್ಮಗಳು ಹುಟ್ಟಿದಳಂತೆ. ಒಂದಿಡೀ ಅಂಗಿಯ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ. ಸಾಲಿನ ಕೊನೆಯಲ್ಲಿ, ಕಣ್ಣು ಕುಕ್ಕುವ ಟ್ಯೂಬ್‌ಲೈಟಿನ ಕೆಳಗೆ, ಮುಗಿದ ಅಂಗಿಗಳನ್ನು ಚೆಕ್ ಮಾಡುವ ಮೇಜು. ಎಲ್ಲಿ ದಾರ ತಪ್ಪಿದೆ, ಎಲ್ಲಿ ಸುಕ್ಕು ನಿಂತಿದೆ, ಎಲ್ಲಿ ಎಣ್ಣೆಯ ಚುಕ್ಕೆ ಬಿದ್ದಿದೆ ಎಂದು ಹುಡುಕಿ, ಅಲ್ಲಿಗೆ ಮೊನೆ ಮಾಡಿ ಕೆಂಪು ಬಾಣದ ಚೀಟಿ ಅಂಟಿಸುವುದು ಅವಳ ಕೆಲಸ. ಹಾಗಾಗಿ ಬಾಣದಕ್ಕ. ಬಾಣಗಳು ಅವಳ ಜೊತೆ ಮನೆಗೂ ಬರುತ್ತಿದ್ದವು: ಮೊಣಕೈಗೆ, ಸೆರಗಿಗೆ, ಒಮ್ಮೆ ಚಪ್ಪಲಿಯ ಅಡಿಗೆ. ಗಂಡ ಅವನ್ನು ಕೀಳುತ್ತಾ, "ಚೀಟಿ ಕಿತ್ತರೆ ಬರುತ್ತೆ ಮಾರಾಯಳೇ, ಬಾಯಲ್ಲಿರೋದನ್ನ ಏನು ಮಾಡೋದು?" ಎನ್ನುತ್ತಿದ್ದ. ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು. ಕಣ್ಣಿಗೆ ಕೆಲಸ ಕೊಟ್ಟವಳು ಎಂಬ ಹೊಗಳಿಕೆ.

ಬೆಳಿಗ್ಗೆ ಮಿಷನ್ ಶುರುವಾಗುವ ಮುಂಚೆ ಎಲ್ಲರನ್ನೂ ಪ್ಯಾಕಿಂಗ್ ಜಾಗದಲ್ಲಿ ಒಟ್ಟು ಮಾಡಿದ್ದರು. ಗೋಡೆಯ ಮೇಲೆ ಹೊಸದೊಂದು ಫಲಕ ಎದ್ದಿತ್ತು; ನಗುವ ಸೂರ್ಯನ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಒಳ್ಳೆಯದನ್ನೇ ನೋಡಿ". ಅದೇ ಗೋಡೆಯಲ್ಲಿ ಕಿಟಕಿಗಳೂ ಇದ್ದವು. ಬಿಳಿ ಬಟ್ಟೆಗೆ ಧೂಳು ಬೀಳುತ್ತದೆ ಎಂದು ಅವಕ್ಕೆ ಹೊರಗಿನಿಂದ ಮೊಳೆ ಹೊಡೆದಿದ್ದರು. ತರಬೇತಿಗೆಂದು ಹೊರಗಿನಿಂದ ಬಂದ ಹೆಣ್ಣುಮಗಳು ಚಿಕ್ಕ ವಯಸ್ಸಿನವಳು. ದಿನಕ್ಕೆಷ್ಟು ಕಡೆ ಮಾತಾಡುತ್ತಾಳೋ, ಗಂಟಲು ಕಟ್ಟಿಹೋಗಿತ್ತು. ಬಾಣದಕ್ಕನಿಗೆ ಮೊದಲು ಕಂಡದ್ದು ಅವಳ ಚಪ್ಪಲಿಯ ಪಟ್ಟಿಗೆ ಹಾಕಿದ ಸೇಫ್ಟಿ ಪಿನ್ನು. "ಎದುರು ಬದುರು ನಿಂತ್ಕೊಳ್ಳಿ," ಎಂದಳು ಆ ಹುಡುಗಿ. "ಎದುರಿಗಿರೋರಲ್ಲಿ ನೀವು ಕಂಡ ಒಂದು ಒಳ್ಳೇದನ್ನ ಹೇಳ್ಬೇಕು. ಯೋಚ್ನೆ ಮಾಡ್ಬೇಡಿ, ಹೇಳಿಬಿಡಿ." ಬಾಣದಕ್ಕನ ಎದುರಿಗೆ ಬಂದು ನಿಂತವಳು ಕಾಲರ್. ಮೂಳೆ ಕಾಣುವ ಭುಜದ, ದೊಡ್ಡ ಬಾಯಿಯ, ಯಾರಿಗೂ ಹೆದರದ ಕಾಲರ್. ಹೇಳಿಬಿಡಿ ಎಂದರೆ ಏನು ಹೇಳುವುದು? ಬಾಯಿ ತೆರೆದಳು, ಒಳಗೆ ಹುಡುಕಿದಳು. ಖಾಲಿ ಪೆಟ್ಟಿಗೆಯಲ್ಲಿ ಕೈಯಾಡಿಸಿದ ಹಾಗಾಯಿತು. ಕಡೆಗೆ ಹೊರಬಂದದ್ದು ಇಷ್ಟು: "ಇವಳ ಕೆಲಸದಲ್ಲಿ... ತಪ್ಪು ಕಡಿಮೆ."

ಹಾಲಿಗೆ ಹಾಲೇ ಘೊಳ್ಳೆಂದಿತು. ತರಬೇತಿಯ ಹುಡುಗಿ ಪಾಪ, ನಗದೆ ಹತ್ತಿರ ಬಂದು, "ಅಮ್ಮ, ತಪ್ಪು ಕಡಿಮೆ ಅಂದ್ರೆ ಅದೂ ತಪ್ಪಿನ ಮಾತೇ ಆಯ್ತಲ್ಲ. ಒಳ್ಳೇದನ್ನ ಒಳ್ಳೇದು ಅಂತಲೇ ಹೇಳಿ," ಎಂದು ಮೆಲ್ಲಗೆ ಬೆನ್ನು ತಟ್ಟಿದಳು. ಶಾಲೆಯಲ್ಲಿ ಮಗ್ಗಿ ಬಾರದೆ ನಿಂತ ಹುಡುಗಿಯ ಹಾಗೆ ಅವಳು ನೆಲ ನೋಡಿದಳು. ನೆಲದಲ್ಲಿ ಸೇಫ್ಟಿ ಪಿನ್ನು ಮತ್ತೆ ಕಂಡಿತು. ಆಗ ಕಾಲರ್ ಸರದಿ. ಅವಳು ಒಂದು ಕ್ಷಣವೂ ತಡೆಯಲಿಲ್ಲ. "ಅಕ್ಕ ಬಾಣ ಅಂಟಿಸೋ ಮುಂಚೆ ಬಟ್ಟೇನ ಒಂದ್ಸಲ ಸವರ್ತಾರೆ. ಪ್ರತಿ ಅಂಗಿಗೂ. ಬಯ್ಯೋ ಮುಂಚೆ ತಲೆ ನೇವರಿಸಿದ ಹಾಗೆ," ಎಂದಳು. ಮತ್ತೆ ನಗು ಎದ್ದಿತು, ಆದರೆ ಈ ನಗು ಬೇರೆ ಥರ ಇತ್ತು; ಕೆಲವರು ನಗುವುದನ್ನು ಮರೆತು ಬಾಣದಕ್ಕನ ಕೈ ನೋಡಿದರು. ಅವಳು ಕೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡಳು. ಸಿಕ್ಕಿಬಿದ್ದವಳ ನಾಚಿಕೆ. ಯಾವ ಕಳ್ಳತನಕ್ಕೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. "ಈಗ ನಿಮ್ಮ ಕಾರ್ಖಾನೆ ಬಗ್ಗೆ ಒಂದೊಂದು ಒಳ್ಳೇ ಮಾತು," ಎಂದಳು ಹುಡುಗಿ. ಗಾಜಿನ ಕೋಣೆಯಿಂದ ಮ್ಯಾನೇಜರ್ ಆಚೆ ಬಂದು ಕೈಕಟ್ಟಿ ನಿಂತರು. ಯಾರೋ ಫ್ಯಾನ್ ಎಂದರು, ಯಾರೋ ಸಂಬಳ ತಡವಾಗಲ್ಲ ಎಂದರು. ಕಾಲರ್ ಕೈ ಎತ್ತಿದಳು. "ಟೋಕನ್ ಚೆನ್ನಾಗಿದೆ ಮೇಡಂ." ಯಾವ ಟೋಕನ್ ಎಂದಳು ಹುಡುಗಿ, ಮುಖ ಅರಳಿಸಿಕೊಂಡು. "ಬಾತ್‌ರೂಮಿಗೆ ಹೋಗೋ ಟೋಕನ್. ಒಂದು ಸಾಲಿಗೆಲ್ಲ ಸೇರಿ ಒಂದೇ. ಒಬ್ಬಳು ತಗೊಂಡು ಹೋದರೆ ವಾಪಸ್ ಬರೋವರೆಗೆ ಉಳಿದೋರು ಹೊಟ್ಟೆ ಹಿಡ್ಕೊಂಡು ಅವಳ ದಾರೀನೇ ಕಾಯ್ತಾ ಇರ್ತೀವಿ. ಇಷ್ಟೊಂದು ಜನ ಒಬ್ಬರ ದಾರಿ ಒಬ್ಬರು ಕಾಯೋ ಪ್ರೀತಿ ಬೇರೆ ಎಲ್ಲಿದೆ ಮೇಡಂ?" ಈ ಸಲ ಯಾರೂ ನಗಲಿಲ್ಲ. ನಗು ಎಲ್ಲರ ಗಂಟಲಲ್ಲೂ ಇತ್ತು. ಮ್ಯಾನೇಜರ್ ಮುಖದ ಮೇಲೆ ಮಾತ್ರ ಇರಲಿಲ್ಲ.

ಪರವಾಗಿಲ್ಲ. ಅಂಗಿ ತಿರುವಿ ಹಾಕುತ್ತಾ ಬಾಣದಕ್ಕ ಆ ಪದವನ್ನು ಬಾಯೊಳಗೇ ಆಡಿಸಿ ನೋಡಿದಳು. ಬೆಳಿಗ್ಗೆ ಬಾಯಿಗೆ ಬರಬೇಕಾಗಿದ್ದ ಪದ ಅದೇ ಇರಬೇಕು. ಕಾಲರ್ ಪರವಾಗಿಲ್ಲ. ಅವಳ ತವರಿನಲ್ಲಿ ಅದಕ್ಕಿಂತ ದೊಡ್ಡ ಪದ ಯಾರಿಗೂ ಸಿಕ್ಕಿದ್ದಿಲ್ಲ. ಪರವಾಗಿಲ್ಲ, ಅಡ್ಡಿಯಿಲ್ಲ, ತೊಂದರೆಯಿಲ್ಲ, ದೂರೋ ಹಾಗಿಲ್ಲ. ಒಳ್ಳೆಯದೆಲ್ಲ ಹಿಂದೆ ಇಲ್ಲ ಎಂಬ ಒಂದು ಬಾಲ ಕಟ್ಟಿಕೊಂಡೇ ಮನೆಯೊಳಗೆ ಬರುತ್ತಿತ್ತು, ಬರಿಮೈಯಲ್ಲಿ ಬಂದರೆ ದೃಷ್ಟಿಯಾದೀತು ಎನ್ನುವ ಹಾಗೆ. ಅಪ್ಪ ಊಟ ಮಾಡಿ ಎದ್ದಾಗ ಅಮ್ಮ ಬಾಗಿಲಿಗೆ ಆತು ಹೇಗಿತ್ತು ಎಂದರೆ, "ತಿನ್ನೋ ಹಾಗಿತ್ತು" ಎನ್ನುತ್ತಿದ್ದರು. ಅಮ್ಮ ಅಷ್ಟಕ್ಕೇ ತಿರುಗಿ ನಗುತ್ತಿದ್ದಳು. ಆ ನಗು ಗೋಡೆಗೆ ಮಾತ್ರ ಕಾಣುತ್ತಿತ್ತು. ಬಾಣದಕ್ಕನ ಮಗಳು ಸಣ್ಣವಳಿದ್ದಾಗ ಒಂದು ಮನೆಯ ಚಿತ್ರ ಬರೆದು ತಂದಿದ್ದಳು. ಹೊಗೆ, ಹೂವು, ಮೂಲೆಯಲ್ಲಿ ಒಂದು ಬೆಕ್ಕು. ಇವಳ ಕಣ್ಣು ನೆಟ್ಟಗೆ ಹೋದದ್ದು ಬಾಗಿಲಿಗೆ. "ಹಿಡಿಕೇನೇ ಇಲ್ವಲ್ಲೇ ಇದಕ್ಕೆ?" ಮಗು ಚಿತ್ರವನ್ನು ಒಂದು ಗಳಿಗೆ ನೋಡಿ, "ಒಳಗಡೆಯಿಂದ ತೆಗೀತಾರಮ್ಮ," ಎಂದಿತ್ತು. ಆಗ ನಗು ಬಂದಿತ್ತು. ಈಗ, ಟ್ಯೂಬ್‌ಲೈಟಿನ ಕೆಳಗೆ, ಬರಲಿಲ್ಲ. ಮದುವೆಯಾಗಿ ಹೋದ ಆ ಮಗಳು ಹೊಸ ಬಟ್ಟೆ ಹಾಕಿಕೊಂಡರೆ ಫೋಟೋವನ್ನು ಅಪ್ಪನಿಗೆ ಕಳಿಸುತ್ತಾಳೆ. "ನಿನಗೆ ಆಮೇಲೆ ಕಳಿಸ್ತೀನಮ್ಮ, ಇಸ್ತ್ರಿ ಆದ ಮೇಲೆ."

ಅಂಗಿಗಳು ಬರುತ್ತಲೇ ಇದ್ದವು. ಸೂಪರ್‌ವೈಸರ್ ಸಾಲಿನ ನಡುವೆ ಅತ್ತಿಂದಿತ್ತ ನಡೆಯುತ್ತಾ ದಿನವೂ ಹೇಳುವುದನ್ನೇ ಹೇಳುತ್ತಿದ್ದ: "ತಲೆ ತಗ್ಗಿಸಿ, ಕೈ ನಡೆಸಿ! ತಲೆ ತಗ್ಗಿಸಿ, ಕೈ ನಡೆಸಿ!" ಅವನು ಬೆನ್ನು ತಿರುಗಿಸಿದರೆ ಸಾಕು, ಹುಡುಗಿಯರ ಬಾಯಲ್ಲಿ ಅವನು ಕೈನಡೆಸಪ್ಪ. ಒಂದು ಕಾಲಕ್ಕೆ ಅವನೂ ಇದೇ ಹಾಲಿನಲ್ಲಿ ಮಿಷನ್ ತುಳಿದವನು. ತೋಳಿನ ಪಟ್ಟಿ ಹೊಲಿಯುತ್ತಿದ್ದನಂತೆ. ಕೈ ಓಡಿತು, ಮೇಲೆ ಬಂದ, ಈಗ ಕೂಗುತ್ತಾನೆ. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಊಟದ ಹೊತ್ತು ಮುಗಿದು ಮಿಷನ್ನುಗಳು ಮತ್ತೆ ಗಂಟಲು ಸರಿಮಾಡಿಕೊಳ್ಳುವಾಗ ಅವನು ಅಂಗಿಗಳ ಒಂದು ಕಟ್ಟನ್ನು ತಾನೇ ಹೊತ್ತು ತಂದು ಅವಳ ಮೇಜಿನ ಮೇಲಿಟ್ಟ. ಕಟ್ಟು ಹೊರುವುದು ಅವನ ಕೆಲಸವಲ್ಲ.

"ಅಕ್ಕ, ಇದು ಕಾಲರ್ ಹೊಲಿದ ಕಟ್ಟು. ಇವತ್ತು ಸ್ವಲ್ಪ ಹತ್ತಿರದಿಂದ ನೋಡಿ."

"ದಿನಾ ದೂರದಿಂದ ನೋಡ್ತೀನಾ?"

"ಹಾಗಲ್ಲ." ಅವನು ಗಾಜಿನ ಕೋಣೆಯ ಕಡೆ ಕಣ್ಣು ತಿರುಗಿಸಲಿಲ್ಲ, ತಿರುಗಿಸದಿರಲು ಪಡುತ್ತಿದ್ದ ಕಷ್ಟ ಕತ್ತಿನ ನರದಲ್ಲಿ ಕಾಣುತ್ತಿತ್ತು. "ಸ್ಯಾಂಪಲ್ ಇಟ್ಕೊಂಡು ನೋಡಿ. ಕೂದಲಷ್ಟು ವ್ಯತ್ಯಾಸ ಇದ್ರೂ ಬಾಣ ಹಾಕಿ. ಬಾಣ ಬಿದ್ದ ಕಟ್ಟು ಸಂಜೆ ಒಳಗೆ ಮ್ಯಾನೇಜರ್ ಮೇಜಿಗೆ ಹೋಗ್ಬೇಕು."

"ಹೋದರೆ?"

"ಅದು ನಿಮಗೆ ಯಾಕಕ್ಕ? ತಪ್ಪು ಹುಡುಕೋದು ನಿಮ್ಮ ಕೆಲಸ. ಇಲ್ಲದ್ದನ್ನ ಹುಟ್ಟಿಸಿ ಅಂತ ಹೇಳ್ತಿಲ್ಲ ನಾನು. ಇದ್ದರೆ ಹಾಕಿ."

ಇದ್ದರೆ ಹಾಕಿ. ಎಷ್ಟು ನ್ಯಾಯವಾದ ಮಾತು! ಇದ್ದದ್ದನ್ನು ತೋರಿಸುವವಳಿಗೆ ಪಾಪ ಎಲ್ಲಿಂದ ಬಂತು? ಬಾಣದ ಕಟ್ಟು ಗಾಜಿನ ಕೋಣೆಗೆ ಹೋದರೆ ಕಾಲರ್ ಸಂಜೆಗೆ ಗೇಟಿನ ಹೊರಗಿರುತ್ತಾಳೆ. ಟೋಕನ್ನಿನ ಮಾತಿಗಾಗಿ ಅಲ್ಲ, ಛೆ, ಎಲ್ಲಾದರೂ ಉಂಟೆ, ಕೆಲಸ ಸರಿಯಿಲ್ಲದ್ದಕ್ಕಾಗಿ. ಬಾಯಿಗೆ ಶಿಕ್ಷೆ ಕೊಟ್ಟರೆ ಊರು ಕೇಳುತ್ತದೆ, ಹೊಲಿಗೆಗೆ ಕೊಟ್ಟರೆ ಯಾರು ಕೇಳುತ್ತಾರೆ? ಅವಳು ಸ್ಯಾಂಪಲ್ ಅಂಗಿಯನ್ನು ಪಕ್ಕಕ್ಕಿಟ್ಟುಕೊಂಡಳು. ಕಣ್ಣಿಗೆ ಏನೂ ಸಿಗಲಿಲ್ಲ. ನೂಲಿನ ಓಟ ನೇರವಾಗಿತ್ತು, ತುದಿಗಳು ಚೂಪಾಗಿ ಕೂತಿದ್ದವು. ಒಳಗೊಳಗೆ ಸಮಾಧಾನವಾಗುತ್ತಿರುವಾಗಲೇ ಕೈ ತನ್ನಷ್ಟಕ್ಕೆ ಹೊರಟು ಬಟ್ಟೆ ಸವರಿತು. ಈಗ ಅವಳು ಕೈಯನ್ನು ನೋಡುತ್ತಿದ್ದಳಲ್ಲ, ಆದ್ದರಿಂದ ಗೊತ್ತಾಯಿತು: ಕೊರಳುಪಟ್ಟಿಯ ಎಡತುದಿಯ ತಿರುವಿನಲ್ಲಿ ಬೆರಳು ಒಂದು ಎಳೆಯಷ್ಟು ನಿಧಾನವಾಯಿತು. ಅಲ್ಲೊಂದು ಗಂಟು. ಸಾಸಿವೆಗಿಂತ ಸಣ್ಣದು. ಒಂದೇ ತೂತಿನಲ್ಲಿ ಸೂಜಿ ಒಂದು ಸಲ ಹೆಚ್ಚಿಗೆ ಇಳಿದಿತ್ತು. ಮುಂದಿನ ಅಂಗಿ ಸವರಿದಳು, ಅದರಲ್ಲೂ ಎಡತುದಿಗೆ. ಅದರಾಚೆಯದರಲ್ಲೂ. ಬಲತುದಿಗೆ ಎಲ್ಲಿಯೂ ಇಲ್ಲ. ಸ್ಯಾಂಪಲ್ಲಿನಲ್ಲಿ ಎರಡೂ ಕಡೆ ಇಲ್ಲ.

ತಪ್ಪು ಇತ್ತು. ಅವಳಿಗೆ ಮೊದಲು ಬಂದದ್ದು, ಹೇಳಬಾರದು, ಖುಷಿ. ಹುಡುಕುವವಳಿಗೆ ಸಿಕ್ಕಾಗ ಬರುವ ಆ ಹಳೆಯ ಖುಷಿ. ಅದು ಬಂದ ಕೂಡಲೇ ಬಾಯಿ ಕಹಿಯಾಯಿತು. ಅದರ ಬೆನ್ನಿಗೆ ಇನ್ನೊಂದು ಬಂತು: ಈ ಗಂಟು ಬೆರಳಿಗೆ ಹೊಸದಲ್ಲ. ಗುರುತಿನವರ ಕೈ ಕುಲುಕಿದ ಹಾಗಿತ್ತು ಅದು. ಕಾಲರ್ ಈ ಸಾಲಿಗೆ ಬಂದಾಗಿನಿಂದ ಕೈ ಇದನ್ನು ಮುಟ್ಟಿದೆ, ಪ್ರತಿ ಅಂಗಿಯಲ್ಲೂ ಮುಟ್ಟಿದೆ, ಮುಟ್ಟಿ ಇರಲಿ ಬಿಡು ಎಂದು ಮುಂದೆ ಕಳಿಸಿದೆ. ಕೈಗೆ ಗೊತ್ತಿತ್ತು, ತನಗೆ ಹೇಳಿರಲಿಲ್ಲ. ತಾನು ಕಣ್ಣು ಕೆಂಪಗೆ ಮಾಡಿಕೊಂಡು ತಪ್ಪು ಹುಡುಕುತ್ತಿದ್ದಾಗ ಕೈ ಮನೆಯ ಹಿಂಬಾಗಿಲು ತೆರೆದಿಟ್ಟುಕೊಂಡು ಯಾರುಯಾರನ್ನೋ ಒಳಗೆ ಬಿಟ್ಟುಕೊಂಡಿತ್ತು. ಭಯಕ್ಕಿಂತ ಹೆಚ್ಚಾಗಿ ಕುತೂಹಲ ಅವಳನ್ನು ಹಿಡಿದು ಅಲ್ಲಾಡಿಸಿತು. ಎಡಕ್ಕೇ ಯಾಕೆ? ಪ್ರತಿ ಸಲವೂ ಎಡಕ್ಕೇ ಯಾಕೆ?

ಆ ಹಾಲಿನಲ್ಲಿ ಇಬ್ಬರು ಮಾತಾಡಬೇಕಾದರೆ ನಡುವೆ ಒಂದು ತಪ್ಪು ಇರಲೇಬೇಕು. ಚೆಕ್ ಮಾಡುವವಳು ಕೆಟ್ಟ ಅಂಗಿ ಹಿಡಿದು ಮಿಷನ್ ಹತ್ತಿರ ಹೋಗಬಹುದು, ಬೇರೆ ಯಾವ ಕಾರಣಕ್ಕೂ ಎದ್ದು ಹೋಗುವಂತಿಲ್ಲ. ಅವಳು ಒಂದು ಅಂಗಿ ಹಿಡಿದು ಎದ್ದಳು. ಕಾಲರ್ ಮಿಷನ್ನಿನ ಮೇಲೆ ಬಾಗಿದ್ದಳು. ಬೆವರು ಹನಿದು ಬಟ್ಟೆಗೆ ಬೀಳದಿರಲೆಂದು ಹಣೆಗೆ ಕರವಸ್ತ್ರ ಕಟ್ಟಿಕೊಂಡಿದ್ದಳು.

"ಇದೇನೇ ಇದು? ಎಡತುದಿಯಲ್ಲಿ ಒಂದು ಹೊಲಿಗೆ ಹೆಚ್ಚಿಗೆ ಇದೆ."

ಕಾಲರ್ ಅಂಗಿ ಇಸಿದುಕೊಂಡು ಉಗುರಿನಿಂದ ಕೆರೆದಳು. ಅವಳ ಮುಖ ನಿಜವಾಗಿಯೂ ಪೆಚ್ಚಾಯಿತು. "ಅಯ್ಯೋ, ಹೌದಲ್ಲ! ನನಗೇ ಗೊತ್ತಿಲ್ಲಕ್ಕ ಇದು."

"ಎಲ್ಲದರಲ್ಲೂ ಇದೆ. ಬಲಗಡೆ ಎಲ್ಲೂ ಇಲ್ಲ. ಒಂದು ಹೊಲಿದು ತೋರಿಸು ನೋಡೋಣ."

ಕಾಲರ್ ಬಟ್ಟೆ ಕೊಟ್ಟು ತುಳಿದಳು. ಬಲತುದಿ ಬಂತು, ಸೂಜಿ ಇಳಿಸಿ, ಬಟ್ಟೆ ಒತ್ತುವ ಪಟ್ಟಿ ಎತ್ತಿ, ಬಟ್ಟೆ ತಿರುಗಿಸಿ ಮುಂದೆ ಹೋದಳು. ಎಡತುದಿ ಬಂತು, ಸೂಜಿ ಇಳಿಯಿತು, ಬಟ್ಟೆ ತಿರುಗಿತು, ಆಗ ಅವಳ ತಲೆ ಮೇಲೆದ್ದು ಎಡಕ್ಕೆ ಹೊರಳಿತು. ಅಷ್ಟರಲ್ಲಿ ಕೆಳಗೆ ಪಾದ ತಾನಾಗಿ ಇಷ್ಟೇ ಇಷ್ಟು ಒತ್ತಿತು. ಟಕ್. ಒಂದು ಹೊಲಿಗೆ.

"ನೋಡು, ತಲೆ ಎತ್ತಿದೆ. ಅದಕ್ಕೇ."

"ಎತ್ತಿದ್ನಾ?" ಎಂದು ಕೇಳಿದ ಕಾಲರ್ ಆಮೇಲೆ ತಾನೇ ನಕ್ಕಳು. ದೊಡ್ಡ ಬಾಯಿ ಕಿವಿಯವರೆಗೆ ಹೋಯಿತು. "ಹ್ಞೂಂ, ಎತ್ತುತೀನಿ. ಎಡಗಡೆ ನಿಮ್ಮ ಮೇಜು ಅಲ್ವಾ? ಒಂದು ಮುಗಿಯೋಕೆ ಬಂದಾಗ ಹಿಂದಿನದು ಏನಾಯ್ತು ಅಂತ ನೋಡ್ತೀನಿ. ಬಾಣ ಬಿತ್ತಾ ಇಲ್ವಾ ಇಲ್ಲಿಂದ ಕಾಣಲ್ಲ. ನಿಮ್ಮ ಕೈ ಸವರೋದು ಕಾಣುತ್ತೆ. ಅದು ಕಂಡರೆ ಸಾಕು ಅನ್ಸುತ್ತೆ. ಈ ಕಡೆ ನೋಡೋಕೆ ಇನ್ನೇನಿದೆ ಹೇಳಿ? ಕಿಟಕಿಗೆ ಮೊಳೆ ಹೊಡೆದವ್ರೆ, ಗೋಡೆಗೆ ಸೂರ್ಯನ್ನ ಅಂಟಿಸವ್ರೆ."

ಬಾಣದಕ್ಕ ಅಂಗಿಯನ್ನು ಎದೆಗೆ ಒತ್ತಿಕೊಂಡು ಹಿಂದಿರುಗಿದಳು. ಹಿಂದಿನಿಂದ ಕಾಲರ್, "ಅಕ್ಕ, ಬಾಣ ಹಾಕ್ತೀರಾ?" ಎಂದಳು. ದನಿಯಲ್ಲಿ ಈಗ ನಗುವಿರಲಿಲ್ಲ. ಅವಳಿಗೂ ಕಟ್ಟು ಹೊತ್ತು ತಂದವನು ಯಾರೆಂದು ಕಂಡಿತ್ತು.

ಮೇಜಿಗೆ ಬಂದು ಕುಳಿತರೆ ಟ್ಯೂಬ್‌ಲೈಟು ಮೊದಲಿಗಿಂತ ಬೆಳ್ಳಗಿತ್ತು. ಹಾಗಾದರೆ ಈ ಗಂಟು ಏನು? ಕಾಲರ್ ತನ್ನಲ್ಲಿ ಒಂದು ಒಳ್ಳೆಯದನ್ನು ನೋಡಿದಾಗಲೆಲ್ಲ ಬಟ್ಟೆಯ ಮೇಲೆ ಬಿದ್ದ ತಪ್ಪು. ನೋಡದಿದ್ದರೆ ಹೊಲಿಗೆ ಸರಿಯಾಗಿರುತ್ತಿತ್ತು. ತಪ್ಪಿಲ್ಲದ ಅಂಗಿಯೆಂದರೆ ಯಾರೂ ಯಾರನ್ನೂ ನೋಡದೆ ಹೊಲಿದ ಅಂಗಿಯೇ? ಈ ಸ್ಯಾಂಪಲ್ಲನ್ನು ಹೊಲಿದವರು ಯಾರು, ಅವರು ಕೂತಲ್ಲಿ ಎಡಗಡೆಗೆ ಯಾರಿದ್ದರು? ಇದ್ದಕ್ಕಿದ್ದಂತೆ ಅಡುಗೆಮನೆಯ ನೆಲ ಕಣ್ಣ ಮುಂದೆ ಬಂತು, ಅದರ ಮೇಲೆ ಬೂಟಿನ ಗುರುತುಗಳು. ಗಂಡ ರಾತ್ರಿ ಪಾಳಿಯ ಕಾವಲುಗಾರ. ಬೆಳಿಗ್ಗೆ ಬಂದವನೇ ಬೂಟು ಕಳಚದೆ ಒಲೆಯ ಮುಂದೆ ನಿಲ್ಲುತ್ತಾನೆ, ಚಹಾ ಕಾಸುತ್ತಾನೆ. ಎಷ್ಟು ವರ್ಷದಿಂದ ಒಂದೇ ಜಗಳ: "ಒರೆಸಿದ ನೆಲ, ಬೂಟು ಬಿಚ್ಚೋಕೆ ನಿಮಗೇನು ಧಾಡಿ?" ಇವತ್ತೂ ಆಡಿ ಬಂದಿದ್ದಳು, ಸಕ್ಕರೆ ಮುಂದಾಗಿದೆ ಎಂಬುದನ್ನೂ ಸೇರಿಸಿ. ಅವನು ಬೂಟು ಬಿಚ್ಚಲು ಕೂತರೆ ದಾರ ಬಿಡಿಸಿ, ಉಬ್ಬಿದ ಕಾಲು ಹೊರಗೆಳೆಯುವಷ್ಟರಲ್ಲಿ ಅವಳ ಬಸ್ಸು ಹೋಗಿರುತ್ತದೆ. ಚಹಾ ಕುಡಿಯದೆ ಹೋಗಿರುತ್ತಾಳೆ. ಇದನ್ನು ಅವನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ, "ಅಷ್ಟಕ್ಕೆ ನೆಲ ಹಾಳು ಮಾಡ್ಬೇಕಾ?" ಎನ್ನುತ್ತಿದ್ದಳೇನೋ. ಬೂಟಿನ ಗುರುತು ಸುಳ್ಳಲ್ಲ, ನೆಲ ಕೆಟ್ಟದ್ದೂ ಸುಳ್ಳಲ್ಲ. ಗುರುತು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮಾತ್ರ ಅವಳು ನೋಡಿರಲಿಲ್ಲ.

ಫಲಕ ಕಣ್ಣಿಗೆ ಬಿತ್ತು. ಒಳ್ಳೆಯದನ್ನೇ ನೋಡಿ. ಸೂರ್ಯ ಹಲ್ಲು ಬಿಡುತ್ತಿದ್ದ. ಬಾಣ ಅಂಟಿಸಬೇಕಾದ ಜಾಗ ಅವಳಿಗೆ ಕೂತಲ್ಲಿಂದಲೇ ಕಂಡಿತು: ಆ ನ್ನೇ. ಒಳ್ಳೆಯದನ್ನು ನೋಡಿ ಎಂದಿದ್ದರೆ ಒಪ್ಪಬಹುದಿತ್ತು, ಬೆಳಿಗ್ಗೆಯಿಂದ ಅವಳು ಮಾಡುತ್ತಿರುವುದು ಅದನ್ನೇ ತಾನೆ. ಆದರೆ ಆ ಒಂದು ದೀರ್ಘ, ಅಕ್ಷರದ ಪಕ್ಕಕ್ಕೆ ನಿಂತ ಆ ಕೊಕ್ಕೆ, ಅದು ಮೊಳೆ. ಮೊಳೆಯ ಕಿಟಕಿ ನೋಡಬೇಡಿ, ಟೋಕನ್ ನೋಡಬೇಡಿ, ಹೊಟ್ಟೆ ಹಿಡಿದುಕೊಂಡವಳನ್ನು ನೋಡಬೇಡಿ ಎಂದು ಹೊಡೆದ ಮೊಳೆ. ಅವರು ಕೇಳುತ್ತಿರುವುದು ಒಳ್ಳೆಯ ಕಣ್ಣನ್ನಲ್ಲ, ಮುಚ್ಚಿದ ಕಣ್ಣನ್ನು. ಸಂಜೆಗೆ ಅದೇ ಜನಕ್ಕೆ ಬೇಕಾಗಿರುವುದು ಕೂದಲನ್ನೂ ಬಿಡದ ಕಣ್ಣು, ಅದೂ ಒಬ್ಬಳ ಮೇಲೆ ಮಾತ್ರ. ನಮ್ಮ ಕಣ್ಣು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎನ್ನುವುದಕ್ಕೂ ಅವರದೇ ಟೋಕನ್.

"ಏನಕ್ಕ, ಆಯ್ತಾ?" ಸೂಪರ್‌ವೈಸರ್ ಬಂದಿದ್ದ. ಕಟ್ಟಿನ ಮೇಲೆ ಕಣ್ಣಾಡಿಸಿದ. "ಒಂದೂ ಬಾಣ ಇಲ್ವಲ್ಲ! ಏನೂ ಸಿಗಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಸುಳ್ಳು ಬಾಯಿಗೆ ಬರಲಿಲ್ಲ. ತಪ್ಪು ಬಚ್ಚಿಟ್ಟು ಅಭ್ಯಾಸವಿಲ್ಲದ ಬಾಯಿ. "ಸಿಕ್ಕಿತು," ಎಂದಳು. "ಬಾಣ ಹಾಕಲ್ಲ."

"ಏನು ಹಾಗಂದ್ರೆ?"

"ಇವತ್ತು ಸಿಕ್ಕಿದ್ದು ಅವಳು ಬಂದಾಗಿನಿಂದಲೂ ಇದೆ ಸಾರ್. ನನ್ನ ಕೈ ಕೆಳಗೇ ಪಾಸಾಗಿ ಹೋಗಿದೆ. ಅವತ್ತು ಇಲ್ಲದ ತಪ್ಪು ಇವತ್ತು ಎಲ್ಲಿಂದ ಬಂತು? ಇಲ್ಲ, ತಪ್ಪೇ ಅಂತೀರಾ, ಮೊದಲನೇ ಬಾಣ ನನಗೆ ಅಂಟಿಸಿ." ಹಾಳೆಯಿಂದ ಒಂದು ಬಾಣ ಕಿತ್ತು ಬೆರಳ ತುದಿಯಲ್ಲಿ ಅವನ ಮುಂದೆ ಹಿಡಿದಳು. "ಎಲ್ಲಿ ಅಂಟಿಸ್ತೀರಾ? ಕಣ್ಣಿಗಾ, ಕೈಗಾ?"

"ಅಕ್ಕ, ಮೆತ್ತಗೆ." ಅವನು ತಗ್ಗಿದ. "ಗಾಜಿನ ಹಿಂದೆ ನಿಂತಿದಾರೆ. ನೀವು ಹಾಕದಿದ್ರೆ ಬೇರೆಯವರ ಕೈಲಿ ಹಾಕಿಸ್ಬೇಕು ನಾನು. ಅದೂ ಆಗದಿದ್ರೆ ನಾನು ಅಲ್ಲಿಗೆ ಹೋಗಿ ಬರಿಗೈ ತೋರಿಸ್ಬೇಕು. ನನಗೂ ಮನೆ ಇದೆ."

ತಗ್ಗಿದಾಗ ಅವನ ಕತ್ತು ಅವಳ ಕಣ್ಣಿಗೆ ಹತ್ತಿರವಾಯಿತು. ಅಂಗಿಯ ಕೊರಳುಪಟ್ಟಿ ಸವೆದು, ಬಿಚ್ಚಿ, ಒಳಮಗ್ಗುಲನ್ನು ಹೊರಕ್ಕೆ ತಿರುವಿ ಮತ್ತೆ ಹೊಲಿದದ್ದು. ಬೆಳಗಿನಿಂದ ಸಂಜೆಯವರೆಗೆ ಹೊಸ ಅಂಗಿಗಳ ನಡುವೆ ಓಡಾಡುವವನು. ಕೈಹೊಲಿಗೆ ಒತ್ತೊತ್ತಾಗಿ, ಅಚ್ಚುಕಟ್ಟಾಗಿತ್ತು. ರಾತ್ರಿ ಕೂತು ತಾನೇ ಹಾಕಿಕೊಂಡಿರಬೇಕು, ಹಳೆಯ ಕೆಲಸದ ನೆನಪಿಗೆ. ಅವಳಿಗೆ ಅದನ್ನೂ ಸವರಬೇಕೆನಿಸಿತು. ಎಂಥ ವಿಚಿತ್ರ, ಎಂದುಕೊಂಡಳು. ಇವನಲ್ಲಿ ಒಳ್ಳೆಯದು ಕಂಡರೆ ಮನಸ್ಸು ಕರಗಿ ಇವನು ಹೇಳಿದಂತೆ ಕೇಳುತ್ತೇನೆ ಎಂದು ಹೆದರಿದ್ದೆನಲ್ಲ. ಕಂಡಿತು. ಕರಗಿಯೂ ಕರಗಿತು. ಆದರೂ ಬೇಡ ಎನ್ನುವುದು ಬೇಡ ಎಂದೇ ನಿಂತಿದೆ.

"ನೀವು ಕೆಟ್ಟವರಲ್ಲ ಸಾರ್," ಎನ್ನುತ್ತಾ ಎದ್ದು ನಿಂತಳು. "ಅದಕ್ಕೇ ಹಾಕಲ್ಲ ಅಂತ ನಿಮ್ಮ ಎದುರಿಗೆ ನಿಂತು ಹೇಳ್ತಿದೀನಿ. ಕೆಟ್ಟವರಾಗಿದ್ರೆ ಹೆದ್ರಿ ಹಾಕಿಬಿಡ್ತಿದ್ದೆ."

ಅವನು ಹೊಡೆಸಿಕೊಂಡವನ ಹಾಗೆ ನೋಡಿದ. ಆಮೇಲೆ ಸರಕ್ಕನೆ ಕಟ್ಟನ್ನು ಎಳೆದು ಪಕ್ಕದ ಮೇಜಿಗೆ ಹಾಕಿದ. "ನೀವು ನೋಡಿ."

ಕನ್ನಡಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೂಗಿನ ಮೇಲಿದ್ದದ್ದನ್ನು ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಏರಿಸಿ, ಒಂದು ಅಂಗಿಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕಾಣುವ ಹಾಗೆ, ನಾಟಕದವಳಂತೆ, ನಿಧಾನವಾಗಿ ಸವರಿದಳು. "ಏನ್ಮಾಡ್ಲಿ ಸಾರ್, ಒಳ್ಳೆಯದನ್ನೇ ನೋಡಿ ಅಂತ ಗೋಡೆ ಮೇಲೆ ಬರೆಸಿಬಿಟ್ಟಿದೀರಾ. ನನಗೆ ಬೆಳಿಗ್ಗೆಯಿಂದ ಒಳ್ಳೇದೇ ಕಾಣ್ತಿದೆ. ಕಣ್ಣು ಕೆಟ್ಟುಹೋಯ್ತೋ ಏನೋ!" ಹತ್ತಿರದ ಮಿಷನ್ನುಗಳು ನಿಂತವು. ಜೇಬಿನ ಕಡೆಯಿಂದ ನಗು ಶುರುವಾಗಿ ತೋಳಿನ ಕಡೆಗೆ ಹೋಯಿತು, ಕಾಜಾದವರೆಗೂ ಹೋಯಿತು. ಬೆಳಿಗ್ಗೆ ಗಂಟಲಲ್ಲಿ ನುಂಗಿಕೊಂಡದ್ದೂ ಸೇರಿ ಬಂತು. ಗಾಜಿನ ಕೋಣೆಯ ಬಾಗಿಲು ತೆರೆಯಿತು. ಮ್ಯಾನೇಜರ್ ಹೊಸ್ತಿಲಲ್ಲಿ ನಿಂತರು. ನಗು ನಿಂತಿತು. "ಏನದು? ಎಷ್ಟು ಬಿತ್ತು?" ಎಂದರು ಅಲ್ಲಿಂದಲೇ.

ಸೂಪರ್‌ವೈಸರ್ ಬಾಣದಕ್ಕನ ಸ್ಟೂಲ್ ಎಳೆದು ತಾನೇ ಕೂತ. ಬಾಣದ ಹಾಳೆ ಎಡಗೈಯಲ್ಲಿ. ಪಕ್ಕದ ಮೇಜಿನ ಕಟ್ಟಿನಿಂದ ಒಂದು ಅಂಗಿ ತೆಗೆದು ಕೊರಳನ್ನು ಹರಡಿದ. ಅವಳು ಅವನ ಹೆಗಲ ಹಿಂದೆಯೇ ನಿಂತಿದ್ದಳು. ಸಾಲಿನಾಚೆ ಕಾಲರ್ ಹಣೆಯ ಕರವಸ್ತ್ರ ಬಿಚ್ಚಿ ಮಡಿಸಿ ಮಿಷನ್ನಿನ ಮೇಲಿಟ್ಟಿದ್ದಳು, ಹೊರಡುವವರು ಇಡುವ ಹಾಗೆ. ಅವನ ಹೆಬ್ಬೆರಳು ಬಲತುದಿಯಿಂದ ಹೊರಟಿತು, ಮಿಷನ್ನಿಗೆ ಬಟ್ಟೆ ಕೊಟ್ಟೂ ಕೊಟ್ಟೂ ದಡ್ಡುಗಟ್ಟಿದ ಹಳೆಯ ಹೆಬ್ಬೆರಳು. ಮಡಿಕೆಯ ಉದ್ದಕ್ಕೂ ಸರಿದು ಎಡಕ್ಕೆ ಬಂತು. ಎಡತುದಿಯಲ್ಲಿ ನಿಂತಿತು. ನಿಂತದ್ದನ್ನು ಅವಳು ಕಂಡಳು. ಹೆಬ್ಬೆರಳು ಅಲ್ಲೇ ಒಂದು ಸುತ್ತು ತಿರುಗಿತು. ಆಮೇಲೆ ಅವನ ಅಂಗೈ ಇಡಿಯಾಗಿ ಬಿಚ್ಚಿಕೊಂಡು ಬಟ್ಟೆಯ ಮೇಲೆ ಒಂದು ಸಲ ಮೇಲಿನಿಂದ ಕೆಳಗೆ ಹೋಯಿತು. ಸುಕ್ಕು ತೆಗೆದನೋ, ಇನ್ನೇನೋ.

"ಪರವಾಗಿಲ್ಲ ಸಾರ್," ಎಂದು ಅವನು ಎದ್ದು ಗಟ್ಟಿಯಾಗಿ ಕೂಗಿದ. "ಪ್ಯಾಕಿಂಗಿಗೆ ಹೋಗಲಿ."

ಮ್ಯಾನೇಜರ್, "ಒಳಗೆ ಬಾ," ಎಂದು ಅವನಿಗೆ ಹೇಳಿ ಹೋದರು. ಅವನು ಬಾಣದ ಹಾಳೆಯನ್ನು ಮೇಜಿನ ಮೇಲೆ ಚೌಕಕ್ಕೆ ಸರಿಯಾಗಿಟ್ಟ. ಅವಳ ಮುಖ ನೋಡದೆ, ದಿನವೂ ಕೂಗಿ ಹೇಳುವುದನ್ನು ಮೊದಲ ಸಲ ಪಿಸುಮಾತಿನಲ್ಲಿ ಹೇಳಿದ: "ಅವಳಿಗೆ ಹೇಳಿ. ತಲೆ ತಗ್ಗಿಸಿ ಕೈ ನಡೆಸಲಿ." 

ಅವನ ಬೆನ್ನು ಗಾಜಿನ ಕೋಣೆಯ ಕಡೆ ಹೋಗುವುದನ್ನು ಅವಳು ನೋಡುತ್ತಾ ನಿಂತಳು. ತಿರುವಿ ಹೊಲಿದ ಕೊರಳುಪಟ್ಟಿ ದೂರದಿಂದ ಹೊಸದರ ಹಾಗೇ ಕಾಣುತ್ತಿತ್ತು. ತಲೆ ಎತ್ತಿದ್ದರಿಂದಲೇ ಆ ಹೊಲಿಗೆ ಬಿದ್ದದ್ದೆಂದು ಬೆರಳಿಗೆ ಗೊತ್ತಾಗಿ ಹೇಳಿದನೇ? ಅವನೂ ಒಂದು ಕಾಲಕ್ಕೆ ಹೊಲಿಯುತ್ತಾ ಹೊಲಿಯುತ್ತಾ ಯಾರನ್ನಾದರೂ ನೋಡಲು ತಲೆ ಎತ್ತುತ್ತಿದ್ದನೇ? ಇಲ್ಲ, ಬಾಯಿಗೆ ರೂಢಿಯಾದದ್ದು ಬಂತೇ? ಬಾಗಿಲು ಮುಚ್ಚಿಕೊಂಡಿತು. ಗಾಜಿನ ಹಿಂದೆ ಒಬ್ಬರ ಕೈ ಆಡುತ್ತಿತ್ತು, ಇನ್ನೊಬ್ಬನ ತಲೆ ತಗ್ಗಿತ್ತು. ಆ ಬಾಗಿಲಿಗೆ ಈ ಕಡೆಯಿಂದ ಹಿಡಿಕೆ ಇತ್ತೋ ಇಲ್ಲವೋ, ಇಷ್ಟು ವರ್ಷದಲ್ಲಿ ಅವಳು ಗಮನಿಸಿರಲಿಲ್ಲ. ಹೋಗಿ ನೋಡಬೇಕು ಎಂದುಕೊಂಡಳು. ಇವತ್ತೇ.

ಒಂದೊಂದಾಗಿ ಮಿಷನ್ನುಗಳು ಮತ್ತೆ ಹೊರಟವು. ಕಾಲರ್ ಕರವಸ್ತ್ರ ಬಿಡಿಸಿ ಹಣೆಗೆ ಕಟ್ಟಿಕೊಂಡಳು. ಸೂಪರ್‌ವೈಸರ್ ಹೇಳಿದ್ದನ್ನು ಹೇಳಲು ಬಾಣದಕ್ಕ ಅಲ್ಲಿಗೆ ಹೋಗಲಿಲ್ಲ. ಹೋಗುವುದಕ್ಕೆ ಕೈಯಲ್ಲಿ ಒಂದು ತಪ್ಪು ಬೇಕಲ್ಲ. ಹೊಸ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿ, ಕೈಯನ್ನು ಅದರ ಪಾಡಿಗೆ ಬಿಟ್ಟಳು. ಕೈ ಹೊರಟಿತು. ಬಟ್ಟೆಯ ಮೇಲೆ ಅದು ಹರಿಯುತ್ತಿರುವಾಗ ಅವಳು ತಾನೂ ತಲೆ ಎತ್ತಿ ಬಲಕ್ಕೆ, ಸಾಲಿನ ಉದ್ದಕ್ಕೂ, ಆ ಒಂದು ಮಿಷನ್ನಿನ ಕಡೆ ನೋಡಿದಳು. ನೂರೆಂಟು ಸೂಜಿಗಳ ಗದ್ದಲದ ನಡುವೆ ಅದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಟಕ್.